ಹರ್ಡ್ ಬುಕ್ಕಿನಲ್ಲಿ ಸುಳಿಗಳು

ನಮ್ಮ ಸಂಘದ ಹರ್ಡ್ ಬುಕ್ ನೋಡಬೇಕೆಂದು ಯಾರಾದರೂ ಮನೆಗೆ ಬಂದರೆ ನಾನು ಮೊದಲು ಕೈ ತೊಳೆದುಕೊಂಡು ಬನ್ನಿ ಎಂದು ಹಿತ್ತಲಿನ ನಲ್ಲಿಗೆ ಕಳಿಸುತ್ತೇನೆ. ನಾನು ಓದಿದ ಕಾನ್ವೆಂಟಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ನಮ್ಮನ್ನು ಹಾಗೇ ಕಳಿಸುತ್ತಿದ್ದರು. ಹರ್ಡ್ ಬುಕ್ ಎಂದರೆ ದನಗಳ ವಂಶಾವಳಿಯ ಪುಸ್ತಕ. ಈ ಹಸು ಯಾರದು, ಯಾವ ಹೋರಿಗೆ ಹುಟ್ಟಿತು, ಅದರ ತಾಯಿ ಯಾವುದು, ಈಗ ಯಾವ ಊರಿನ ಯಾರ ಕೊಟ್ಟಿಗೆಯಲ್ಲಿದೆ ಎಂಬುದನ್ನೆಲ್ಲ ಅದರಲ್ಲಿ ಬರೆದಿಡುತ್ತೇವೆ.

ನಮ್ಮದು ಅಮೃತಮಹಲ್ ತಳಿಯ ಸಂಘ. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಈ ನಾಲ್ಕು ತಾಲ್ಲೂಕುಗಳಲ್ಲಿ ಈ ದನವನ್ನು ಇನ್ನೂ ಕಟ್ಟಿಕೊಂಡಿರುವವರು ಸೇರಿ ಮಾಡಿಕೊಂಡದ್ದು. ಹಾಲು ಕರುವಿಗೇ ಸಾಲದು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಉಳುವುದಕ್ಕೆ ಟ್ರ್ಯಾಕ್ಟರ್ ಬಂದಿದೆ. ಆದರೂ ಯಾಕೆ ಸಾಕುತ್ತೀರಿ ಎಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಕಾರಣ ಹೇಳುತ್ತಾರೆ. ಯಾವುದೂ ಪೂರ್ತಿ ಉತ್ತರ ಎನಿಸುವುದಿಲ್ಲ. ನನ್ನ ಹತ್ತಿರವಂತೂ ದನವೇ ಇಲ್ಲ. ಚನ್ನರಾಯಪಟ್ಟಣದ ಕಡೆ ತಾತನ ಮನೆಯಲ್ಲಿದ್ದವು. ರಜೆಗೆ ಹೋದಾಗ ಅವುಗಳ ಕೊಂಬು ಹಣೆಯಿಂದ ಒಂದಕ್ಕೊಂದು ಅಂಟಿದ ಹಾಗೆ ಎದ್ದು, ಹಿಂದಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಮುಂದಕ್ಕೆ ತಿರುಗುವುದನ್ನು ನೋಡುತ್ತ ಎಷ್ಟು ಹೊತ್ತು ನಿಲ್ಲುತ್ತಿದ್ದೆನೋ. ಹಾಸನದಲ್ಲಿ ಬಯಾಲಜಿ ಟೀಚರ್ ಆಗಿ ರಿಟೈರ್ ಆದ ಮೇಲೆ ಒಂದು ದಿನ ಸಂಘದವರು ಇಂಗ್ಲಿಷಿನ ಯಾವುದೋ ಫಾರಂ ತುಂಬಿಸಿಕೊಳ್ಳಲು ಬಂದರು. ತುಂಬಿಕೊಟ್ಟದ್ದನ್ನು ನೋಡಿ, ಅಕ್ಷರ ದುಂಡಗಿದೆ ಎಂದು ನನ್ನನ್ನೇ ಸೆಕ್ರೆಟರಿ ಮಾಡಿಬಿಟ್ಟರು. ಬೇರೆ ಕ್ವಾಲಿಫಿಕೇಷನ್ ಯಾರೂ ಕೇಳಲಿಲ್ಲ.

ತೊಂದರೆ ಶುರುವಾದದ್ದು ಗುರುತಿನ ಕಾಲಂನಿಂದ. ಕಿವಿಗೆ ಹಾಕಿದ ಟ್ಯಾಗ್ ಬೇಲಿಗೆ ಸಿಕ್ಕಿ ಹರಿದುಹೋಗುತ್ತದೆ. ಬಣ್ಣ ಬರೆಯೋಣವೆಂದರೆ ಎಲ್ಲವೂ ಬೂದಿ ಬಣ್ಣ. ಒಂದು ತುಸು ಬಿಳಿ, ಇನ್ನೊಂದು ತುಸು ಕಪ್ಪು. ಒಂದು ಹಸು ಸತ್ತರೆ ಅದರ ಹೆಸರಿನಲ್ಲಿ ಇನ್ನೊಂದು ಬಂದು ನಿಂತರೂ ನನಗೆ ಗೊತ್ತಾಗುತ್ತಿರಲಿಲ್ಲ. ಆಗ ಹೊಳೆದದ್ದು ಸುಳಿ. ದನದ ಮೈಮೇಲೆ ಕೂದಲು ಒಂದು ಬಿಂದುವಿನ ಸುತ್ತ ಚಕ್ರದ ಹಾಗೆ ತಿರುಗಿ ನಿಲ್ಲುತ್ತದಲ್ಲ, ಅದು. ಕರು ಹುಟ್ಟಿದಾಗ ಎಲ್ಲಿರುತ್ತದೋ ಮುದಿಯಾಗಿ ಸಾಯುವವರೆಗೂ ಅಲ್ಲೇ ಇರುತ್ತದೆ, ನಮ್ಮ ಹೆಬ್ಬೆಟ್ಟಿನ ಗೆರೆಯ ಹಾಗೆ. ಮನುಷ್ಯರಿಗೂ ತಲೆಯಲ್ಲಿ ಇರುತ್ತದೆ. ನನಗೆ ಎರಡಿವೆ. ಎರಡು ಸುಳಿಯವರಿಗೆ ಎರಡು ಮದುವೆ ಎಂದು ಜಡೆ ಹೆಣೆಯುವಾಗಲೆಲ್ಲ ಸೋದರತ್ತೆ ರೇಗಿಸುತ್ತಿದ್ದರು. ಒಂದೂ ಆಗಲಿಲ್ಲ. ಹಾಗಾಗಿ ಸುಳಿಯ ಶಾಸ್ತ್ರದಲ್ಲಿ ನನಗೆ ನಂಬಿಕೆ ಹುಟ್ಟಲಿಲ್ಲ, ಸುಳಿ ಎಂದರೆ ಬಯಾಲಜಿ ಎಂದಷ್ಟೇ ತಿಳಿದಿದ್ದೆ. ಮುಂದಿನದೆಲ್ಲ ಆದದ್ದು ಅದರಿಂದಲೇ.

ದನದ ಎಡಮೈ, ಬಲಮೈ, ಬೆನ್ನು, ಮುಖ ಹೀಗೆ ನಾಲ್ಕು ಔಟ್‌ಲೈನ್ ಬರೆದು ಫಾರಂ ಮಾಡಿಸಿದೆ. ನಿಮ್ಮ ನಿಮ್ಮ ದನದ ಸುಳಿ ಎಲ್ಲಿದೆಯೋ ಅಲ್ಲಿ ಒಂದು ಸೊನ್ನೆ ಸುತ್ತಿ ಕಳಿಸಿ ಎಂದೆ. ಎಲ್ಲರೂ ಕಳಿಸಿದರು. ಹಳೇಕೋಟೆಯಿಂದ ಮಾತ್ರ ಫಾರಂ ಖಾಲಿ ಬಂತು.

ಹಳೇಕೋಟೆಯಾಕೆ ಸಂಘದಲ್ಲಿ ನನ್ನನ್ನು ಬಿಟ್ಟರೆ ಇದ್ದ ಒಬ್ಬಳೇ ಹೆಂಗಸು. ಐವತ್ತು ದಾಟಿದ ವಯಸ್ಸು, ಗಂಡ ತೀರಿಕೊಂಡಿದ್ದ. ಭತ್ತ, ರಾಗಿಯ ಬೇಸಾಯವನ್ನು ಮೈದುನನ ಜೊತೆ ತಾನೇ ನಿಂತು ಮಾಡಿಸುತ್ತಿದ್ದಳು. ಅವಳ ಕೊಟ್ಟಿಗೆಯಲ್ಲಿದ್ದ ಬೀಜದ ಹೋರಿ ನಮಗೆಲ್ಲ ಬಹಳ ಬೇಕಾದದ್ದು. ಸಂಘದ ಉಳಿದ ಹೋರಿಗಳೆಲ್ಲ ಒಂದೇ ತಂದೆಯ ಮಕ್ಕಳು ಮೊಮ್ಮಕ್ಕಳು. ಹಸುಗಳಿಗೆ ಅವುಗಳನ್ನೇ ಕೊಡಿಸುತ್ತ ಹೋದರೆ ಇನ್‌ಬ್ರೀಡಿಂಗ್ ಆಗಿ ತಳಿ ಒಳಗಿನಿಂದಲೇ ಸೊರಗುತ್ತದೆ. ಇವಳ ಹೋರಿ ಮಾತ್ರ ಬೇರೆ ವಂಶದ್ದು. ಅವಳ ಮಾವನ ಕಾಲದಿಂದ ಬಂದ ಕಡು ಬೂದಿಯ ದನಗಳಲ್ಲಿ ಉಳಿದಿದ್ದ ಕೊನೆಯ ಗಂಡು. ತಾಯಿ ಸತ್ತ ಮೇಲೆ ರಾಗಿ ಗಂಜಿ ಕುಡಿಸಿ ಸಾಕಿದ್ದಳು.

ಖಾಲಿ ಫಾರಂ ನೋಡಿ, ಪಾಪ, ತುಂಬಲು ಬಂದಿರಲಿಕ್ಕಿಲ್ಲ ಎಂದುಕೊಂಡು ನಾನೇ ಹೊಳೆನರಸೀಪುರದ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಹಳೇಕೋಟೆಗೆ ಹೋದೆ. ಹೋರಿಯ ಮುಖ ಬರೆದೆ, ಎರಡೂ ಪಕ್ಕ ಬರೆದೆ. ಬೆನ್ನಿನ ಮೇಲೆ ಒಂದು ಗೋಣಿತಾಟು ಹೊದಿಸಿತ್ತು. ನೊಣಕ್ಕೆ ಹೊದಿಸಿದ್ದಾಳೆ ಎಂದುಕೊಂಡೆ.

"ಬೆನ್ ಮ್ಯಾಲೆ ಏನಿಲ್ಲ ಬುಡಿ ಅಮ್ಮೋರೆ. ಮಕ ಬರ್ಕೊಂಡ್ರಲ್ಲ, ಸಾಕು" ಎಂದಳು.

ಡಯಾಗ್ರಂ ಅರ್ಧಕ್ಕೆ ಬಿಡುವ ಜಾತಿ ನನ್ನದಲ್ಲ. ಗೋಣಿ ಸರಿಸಿದೆ. ಹಿಣಿಲಿನ, ಅಂದರೆ ಹೆಗಲ ಮೇಲಿನ ಡುಬ್ಬದ ಹಿಂದೆ, ಬೆನ್ನುಮೂಳೆಯ ಮೇಲೆ, ಎರಡು ಸುಳಿ ಪಕ್ಕಪಕ್ಕದಲ್ಲೇ ಇದ್ದವು. ಒಂದು ಎಡಕ್ಕೆ ತಿರುಗಿದ್ದರೆ ಇನ್ನೊಂದು ಬಲಕ್ಕೆ. ಅಂಥದ್ದನ್ನು ನಾನು ನೋಡಿರಲೇ ಇಲ್ಲ. ಎಷ್ಟು ಚೆನ್ನಾಗಿತ್ತೆಂದರೆ ಸ್ಕೇಲ್ ಇಟ್ಟು ಅಳೆದು, ತಿರುವಿನ ದಿಕ್ಕಿಗೆ ಬಾಣದ ಗುರುತು ಹಾಕಿ, ಲೇಬಲ್ ಬರೆದೆ. ಅವಳು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ನಾನು ಹೊರಡುವವರೆಗೂ ಮತ್ತೆ ಮಾತಾಡಲಿಲ್ಲ. ಕೆಲಸದ ಹೆಂಗಸು, ಮಾತು ಕಡಿಮೆ ಎಂದುಕೊಂಡೆ.

ಮುಂದಿನ ಮೀಟಿಂಗು ಚನ್ನರಾಯಪಟ್ಟಣದಲ್ಲಿತ್ತು. ಗುರುತಿನ ಕಾಲಂ ಹೇಗಿರಬೇಕು ಎಂದು ತೋರಿಸಲು ಹಳೇಕೋಟೆಯ ಹೋರಿಯ ಪುಟವನ್ನು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಒಂದೊಂದು ಹಂಚಿದೆ. ನಿಜ ಹೇಳುತ್ತೇನೆ, ನನ್ನ ಡ್ರಾಯಿಂಗ್ ಬಗ್ಗೆ ನನಗೇ ಹೆಮ್ಮೆ ಇತ್ತು. ನಮ್ಮ ಅಧ್ಯಕ್ಷರು ಹೊಳೆನರಸೀಪುರದಲ್ಲಿ ತೆಂಗಿನಕಾಯಿ, ಕೊಬ್ಬರಿ ವ್ಯಾಪಾರದವರು, ನಿಧಾನಸ್ಥರು. ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು.

"ಮೇಡಂ, ಇದ್ನ ನೀವೇ ಕಣ್ಣಾರೆ ನೋಡುದ್ರಾ?"

ಕೈಯಿಟ್ಟು ನೋಡಿದೆ ಎಂದೆ, ಮೆಚ್ಚುತ್ತಿದ್ದಾರೆ ಎಂದು ತಿಳಿದು. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಹಳೇಕೋಟೆಯಾಕೆ ಹಿಂದಿನ ಸಾಲಿನಲ್ಲಿದ್ದಳು. ನಾನು ತಿರುಗಿ ನೋಡುವಷ್ಟರಲ್ಲಿ ಎದ್ದುಹೋಗಿದ್ದಳು.

ನನಗೆ ವಿಷಯ ಗೊತ್ತಾದದ್ದು ಕಾಫಿಯ ಹೊತ್ತಿಗೆ. ಹಿಣಿಲಿನ ಹಿಂದೆ ಜೋಡಿ ಸುಳಿ ಇರುವ ದನ ಕಟ್ಟಿದ ಮನೆಯಲ್ಲಿ ಯಜಮಾನ ಉಳಿಯುವುದಿಲ್ಲವಂತೆ. ಇವಳ ಹೋರಿಗೆ ಎರಡು ವರ್ಷವಾಗಿದ್ದಾಗ ಗಂಡ ಎದೆನೋವಿನಿಂದ ಹೋಗಿದ್ದ. ಅಲ್ಲಿಗೆ ಎಲ್ಲರ ಲೆಕ್ಕವೂ ತಾಳೆಯಾಗಿಹೋಯಿತು. ತಮ್ಮ ಹಸುವನ್ನು ಆ ಹೋರಿಗೆ ತರುತ್ತೇವೆ ಎಂದಿದ್ದವರು ಒಬ್ಬೊಬ್ಬರಾಗಿ ನನ್ನ ಬಳಿ ಬಂದು, ಈ ಸಲ ಬೇಡ ಮೇಡಂ, ಡಾಕ್ಟರ ಹತ್ತಿರ ಬೀಜದ ಇಂಜೆಕ್ಷನ್ನೇ ಕೊಡಿಸುತ್ತೇವೆ ಎಂದರು. ಮೂವತ್ತು ವರ್ಷ ಮಕ್ಕಳಿಗೆ ಅಬ್ಸರ್ವೇಷನ್ ಕಲಿಸಿದವಳು ನಾನು. ಗೋಣಿತಾಟು ಕಂಡಿತ್ತು, ಅವಳ ಮುಖ ಕಂಡಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು, ಅವಳೇ ಹಾಸನಕ್ಕೆ ನಮ್ಮ ಮನೆಗೆ ಬಂದಳು. ಒಂದು ಚೀಲ ಅವರೆಕಾಯಿ ತಂದಿದ್ದಳು. ಜಗಳಕ್ಕೆ ಬಂದವರೂ ನಮ್ಮ ಕಡೆ ಬರಿಗೈಲಿ ಬರುವುದಿಲ್ಲ. ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಆ ಸೊನ್ನೆಗಳನ್ನು ಅಳಿಸಿಬಿಡಿ ಎಂದಳು. ಅಳಿಸಲು ಬರುವುದಿಲ್ಲ ಎಂದೆ. ರಿಜಿಸ್ಟರಿನಲ್ಲಿ ಇಂಕಿನಿಂದ ಬರೆದದ್ದನ್ನು ಅಳಿಸಬಾರದು, ಹೊಡೆದುಹಾಕಿದರೂ ಓದಲು ಬರುವಂತೆ ಒಂದೇ ಗೆರೆ ಎಳೆದು ಸೈನ್ ಮಾಡಬೇಕು ಎಂದು ಸಿಸ್ಟರ್ ಕಲಿಸಿದ್ದನ್ನು ಅವಳಿಗೆ ವಿವರಿಸಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಎಲ್ರುನೂವೆ ಅವ್ರವ್ರ್ ದನಿನ್ ಸುಳಿಯ ಅವ್ರವ್ರೇ ಬರ್ಕೊಂಡ್ರು ಅಮ್ಮೋರೆ. ನನ್ ಓರಿದ್ ಒಂದ ಮಾತ್ರ ನೀವ್ ಬಂದ್ ನೋಡಿ ಬರುದ್ರಿ. ನೀವ್ ಬರ್ದಿದ್ದು ಸುಳ್ಳಲ್ಲ, ಅದ್ಕೇಯ ನಂಗೆ ಜಗಳ ಆಡಕ್ಕೂ ಆಯ್ತಿಲ್ಲ."

ಆಮೇಲೆ ಉಳಿದದ್ದನ್ನು ಹೇಳಿದಳು. ಸುಳಿಯ ವಿಷಯ ಅವಳ ಗಂಡನಿಗೂ ಗೊತ್ತಿತ್ತು. ಕರು ಹುಟ್ಟಿದ ದಿನವೇ ತೋರಿಸಿದ್ದಳು. "ನನ್ ಆಯಸ್ಸ ಅದ್ರು ಬೆನ್ ಮ್ಯಾಲ್ ಬರ್ದವ್ರಾ, ಸುಮ್ಕೆ ಕಟ್ಟಮ್ಮಿ ಅಂದ. ಬದುಕಿದ್ದಾಗ ಅದ್ನ ಅವ್ನೇ ಮೈ ತೊಳಿಯೋನು." ಅಲ್ಲಿವರೆಗೆ ಸುಳಿ ಮನೆಯೊಳಗಿನ ಮಾತಾಗಿತ್ತು. ಈಗ ಕಾಗದದಲ್ಲಿ ಬಂದು ನಾಲ್ಕು ತಾಲ್ಲೂಕಿಗೂ ಗೊತ್ತಾಗಿತ್ತು. ಮೈದುನನಿಗೆ ಹೆದರಿಕೆ ಹತ್ತಿತ್ತು. ಮುಂದಿನ ಯಜಮಾನ ಅವನೇ ತಾನೆ. ಗಾಡಿಗೆ ಎತ್ತು ಕೊಳ್ಳುವ ಹೊರಜಿಲ್ಲೆಯ ವ್ಯಾಪಾರಿಯೊಬ್ಬನಿಗೆ ಹೋರಿ ಮಾರುತ್ತೇನೆಂದು ಆಗಲೇ ಮಾತು ಕೊಟ್ಟಿದ್ದ. ಅವನು ಕೊಂಡುಹೋದರೆ ಮೊದಲು ಮಾಡುವ ಕೆಲಸ ಬೀಜ ಒಡೆಸುವುದು. ಅಲ್ಲಿಗೆ ಆ ವಂಶ ಮುಗಿಯಿತು. ಹಸುಗಳು ಬರಲು ಶುರುವಾದರೆ ಮೈದುನನ ಬಾಯಿ ಕಟ್ಟಬಹುದು, ರಾಗಿ ಒಕ್ಕಣೆ ಮುಗಿಯುವವರೆಗೂ ತಡೆದು ನೋಡುತ್ತೇನೆ ಎಂದು ಹೇಳಿ ಎದ್ದಳು.

ಅವಳು ಹೋದ ಮೇಲೆ ಫಾರಂಗಳ ಕಟ್ಟು ಬಿಚ್ಚಿ ಕೂತೆ. ಅಷ್ಟೂ ದನಗಳಲ್ಲಿ ಬೆನ್ನಿನ ಮೇಲೆ ಒಂದಕ್ಕೂ ಸುಳಿ ಇಲ್ಲ. ಹಣೆಯ ನಡುವೆ ಒಂದು ಸೊನ್ನೆ, ಎಲ್ಲದಕ್ಕೂ ಅದೇ ಒಂದು. ಕ್ಲಾಸಿನಲ್ಲಿ ಎಲ್ಲ ಮಕ್ಕಳೂ ಒಂದೇ ಉತ್ತರ ಬರೆದರೆ ಟೀಚರಿಗೆ ಏನನಿಸುತ್ತದೋ ನನಗೂ ಅದೇ ಅನಿಸಿತು.

ಅರಕಲಗೂಡಿನ ಹತ್ತಿರ ಒಬ್ಬ ಮುದುಕ ದಲ್ಲಾಳಿ ಇದ್ದಾನೆ, ಐವತ್ತು ವರ್ಷ ದನದ ವ್ಯಾಪಾರ ಕುದುರಿಸಿದವನು, ಕಣ್ಣು ಮಂಜಾದ ಮೇಲೆ ಮನೆಯಲ್ಲಿದ್ದಾನೆ ಎಂದು ಕೇಳಿದ್ದೆ. ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಎಲೆಯಡಿಕೆ ಕುಟ್ಟಿಕೊಳ್ಳುತ್ತಿದ್ದವನು, ಸುಳಿ ಕಲಿಯಲು ಹೆಂಗಸು ಬಂದಿದ್ದಾಳೆ ಎಂದು ತಿಳಿದು ಬಹಳ ಸಂತೋಷಪಟ್ಟ. ಒಂದು ಮಧ್ಯಾಹ್ನವೆಲ್ಲ ಹೇಳಿದ, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹಣೆಯದು, ಎದೆಯದು, ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿನದು, ಬಾಲದ ಬುಡದ್ದು. ಯಾವುದು ಲಕ್ಷ್ಮಿ ತರುತ್ತದೆ, ಯಾವುದು ಬೆಂಕಿ ಹಚ್ಚುತ್ತದೆ. ನಡುವೆ ನನಗೆ ಅನುಮಾನ ಬಂದು ಹಿಂದಿನ ಪುಟ ತಿರುವಿದೆ. ಒಂದೇ ಸುಳಿ ಒಮ್ಮೆ ಒಳ್ಳೆಯದಾಗಿ, ಒಮ್ಮೆ ಕೆಟ್ಟದ್ದಾಗಿ ಬಂದಿತ್ತು. ಕೇಳಿದರೆ ಅವನಿಗೆ ಏನೂ ಮುಜುಗರವಿಲ್ಲ. ಅರಕಲಗೂಡಿನ ಕಡೆ ಒಳ್ಳೆಯದು, ಚನ್ನರಾಯಪಟ್ಟಣದ ಕಡೆ ಆಗಿಬರುವುದಿಲ್ಲ, ಅದಕ್ಕೇ ನಾನು ಅಲ್ಲಿ ಕೊಂಡು ಇಲ್ಲಿ ಮಾರುತ್ತಿದ್ದೆ ಎಂದ.

ಬೆನ್ನಿನ ಸುಳಿಯೇ ಇಲ್ಲದ ನಮ್ಮ ಫಾರಂಗಳ ಕಥೆ ಹೇಳಿದೆ. ಅವನು ನಗಲು ಶುರುಮಾಡಿ ಕೆಮ್ಮಿನಲ್ಲಿ ನಿಲ್ಲಿಸಿದ.

"ಸುಳಿ ಇಲ್ದಿರೋ ದನ ಐತಾ ಟೀಚರಮ್ಮ? ಕಾಣೋವು ಕೆಲವು, ಕಾಣ್ದಂಗೆ ಮಾಡಿರೋವು ಕೆಲವು. ವಾಯು ಆಗಿತ್ತು ಬರೆ ಆಕ್ಸುದ್ವಿ ಅಂತಾರಲ್ಲ, ಆ ಬರೆ ಕೆಳಗೆ ಏನಿತ್ತು ಅಂತ ಯಾವತ್ತಾರ ಕೇಳಿದ್ದೀರಾ?"

ನಾನು ಕೇಳಿರಲಿಲ್ಲ. ಕಾದ ಕಬ್ಬಿಣದ ಬರೆ ನಮ್ಮ ದನಗಳ ಮೈಮೇಲೆ ಎಷ್ಟೋ ಕಂಡಿದ್ದೆ. ರೋಗಕ್ಕೆ ಹಾಕಿಸಿದ್ದು ಎಂದು ಹೇಳಿದ್ದರು, ನಂಬಿದ್ದೆ. ಸುಳಿಯ ಮೇಲೆ ಸರಿಯಾಗಿ ಬರೆ ಬಿದ್ದರೆ ಕೂದಲು ಹೋಗುತ್ತದೆ, ಸುಳಿಯೂ ಹೋದ ಹಾಗೆ. ಆದರೆ ಕೈಗೆ ತಪ್ಪುವುದಿಲ್ಲವಂತೆ. ಬರೆಯ ಅಂಚಿನಲ್ಲಿ ಉಳಿದ ಕೂದಲು ಇನ್ನೂ ತಿರುಗಲು ನೋಡುತ್ತಿರುತ್ತದೆ. ನನ್ನ ಜೊತೆ ಬರುತ್ತೀರಾ ಎಂದೆ. ಎಲೆಯಡಿಕೆ ಚೀಲ ತೆಗೆದುಕೊಂಡು ಎದ್ದೇಬಿಟ್ಟ.

ಆ ಒಂದು ತಿಂಗಳು ನನ್ನ ಜೀವನದಲ್ಲಿ ಅತ್ಯಂತ ಸುಖದ ತಿಂಗಳು ಎಂದರೆ ತಪ್ಪಾಗಲಾರದು. ಒಂದು ಬಾಡಿಗೆ ಜೀಪು, ಅದರಲ್ಲಿ ಕಣ್ಣು ಮಂಜಾದ ಅವನು, ಮಂಡಿ ನೋವಿನ ನಾನು. ಸದಸ್ಯರ ಕೊಟ್ಟಿಗೆಗಳನ್ನೆಲ್ಲ ಸುತ್ತಿದೆವು. ಗುರುತಿನ ಫಾರಂ ಚೆಕ್ ಮಾಡಲು ಸೆಕ್ರೆಟರಿ ಬಂದಿದ್ದಾರೆ ಎಂದ ಮೇಲೆ ಬೇಡ ಎನ್ನುವ ಹಾಗಿಲ್ಲ. ಅವನು ದನದ ಜೊತೆ ಏನೋ ಮಾತಾಡುತ್ತ ಬೆರಳು ಆಡಿಸುವನು, ಇಲ್ಲೊಂದು ಎನ್ನುವನು, ನಾನು ಸೊನ್ನೆ ಸುತ್ತುವೆನು. ಹೆದರಿ ಒದೆಯುವ ಹಸುಗಳಿಗೆ ಹಣೆಯ ಸುಳಿ ಕಣ್ಣಿಗಿಂತ ಮೇಲಿರುತ್ತದೆ ಎಂದು ನನಗೆ ಅನಿಸತೊಡಗಿತು. ನಿಜವೋ ಅಲ್ಲವೋ ಇನ್ನೂ ಬರೆದಿಡುತ್ತಲೇ ಇದ್ದೇನೆ. ಕೆಟ್ಟದ್ದು ಎನ್ನುವ ಸುಳಿ ಒಂದಾದರೂ ಇಲ್ಲದ ಕೊಟ್ಟಿಗೆ ನಮಗೆ ಸಿಗಲಿಲ್ಲ. ಯಜಮಾನರೆಲ್ಲ ಗಟ್ಟಿಮುಟ್ಟಾಗಿ ಎದುರಿಗೇ ನಿಂತಿದ್ದರು.

ಅಧ್ಯಕ್ಷರ ಮನೆ ಕೊನೆಯದು. ಪ್ರದರ್ಶನಗಳಲ್ಲಿ ಬಹುಮಾನ ಬಂದ ಹಸು ಅವರದು. ನಿಜಕ್ಕೂ ನೋಡುವ ಹಾಗಿದೆ. ದಲ್ಲಾಳಿಯ ಕೈ ಕತ್ತಿನಿಂದ ಹಿಣಿಲು ದಾಟಿ ಬೆನ್ನಿಗೆ ಬಂದು ನಿಂತಿತು. ಅಲ್ಲಿ ಅಂಗೈ ಅಗಲದ ಹಳೆಯ ಬರೆ ಇತ್ತು.

"ಇದ್ಯಾಕ್ ಸಾ ಬರೆ?"

"ಕರು ಇದ್ದಾಗ ಹೊಟ್ಟೆ ಉಬ್ರಿಸ್ಕೊಂಡಿತ್ತು ಕಣಯ್ಯ. ಅದ್ಕೆ ಹಾಕ್ಸಿದ್ದು."

"ಒಟ್ಟೆ ಉಬ್ರುಸ್ಕೊಂಡ್ರೆ ಬರೆ ಒಟ್ಟೆಗೆ ಆಕುಸ್ತಾರೆ ಸಾ. ಬೆನ್ಗ್ಯಾಕೆ ಆಕ್ಸುದ್ರಿ?"

ಮುದುಕ ನನ್ನ ಬೆರಳನ್ನು ಹಿಡಿದು ಬರೆಯ ಎರಡು ಅಂಚಿಗೂ ಮುಟ್ಟಿಸಿದ. ಒಂದು ಕಡೆ ಕೂದಲು ಎಡಕ್ಕೆ ತಿರುಗುತ್ತಿತ್ತು, ಇನ್ನೊಂದು ಕಡೆ ಬಲಕ್ಕೆ. ನಾನು ಪೆನ್ ತೆಗೆದು ಎರಡು ಸೊನ್ನೆ ಸುತ್ತಿದೆ. ಅವರ ಮನೆಯವರು ತಂದಿಟ್ಟ ಕಾಫಿ ಆರಿಹೋಯಿತು.

ಮುಂದಿನ ಮೀಟಿಂಗು ಹಾಸನದಲ್ಲಿ. ಈ ಸಲ ಜೆರಾಕ್ಸ್ ಮಾಡಿಸಲಿಲ್ಲ. ಹರ್ಡ್ ಬುಕ್ಕನ್ನು ಮೇಜಿನ ಮೇಲಿಟ್ಟು, ಹಳೆಯ ಫಾರಂಗಳ ಬದಲು ಎಲ್ಲ ದನಗಳ ಸುಳಿಯನ್ನೂ ನಾನೇ ಮುಟ್ಟಿ ನೋಡಿ ಬರೆದಿದ್ದೇನೆ, ಯಾರು ಬೇಕಾದರೂ ಯಾರ ಪುಟ ಬೇಕಾದರೂ ತೆರೆದು ನೋಡಬಹುದು ಎಂದೆ. ಇದು ಬ್ಲ್ಯಾಕ್‌ಮೇಲ್ ಆಗುತ್ತದೆಯೇ ಎಂದು ಹಿಂದಿನ ದಿನವೆಲ್ಲ ಯೋಚಿಸಿದ್ದೆ. ಬರೆದದ್ದು ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ಸಮಾಧಾನವಾಗಿರಲಿಲ್ಲ, ಈಗಲೂ ಇಲ್ಲ.

ಯಾರೂ ಮುಟ್ಟಲಿಲ್ಲ. ಫ್ಯಾನಿನ ಗಾಳಿಗೆ ರಟ್ಟು ತುಸು ಎದ್ದಿತು. ಮುಂದಿನ ಸಾಲಿನಲ್ಲಿದ್ದ ಸದಸ್ಯರೊಬ್ಬರು ತಟಕ್ಕನೆ ಎದ್ದು ಬಂದು ತಮ್ಮ ನೀರಿನ ಬಾಟಲಿಯನ್ನು ಅದರ ಮೇಲಿಟ್ಟು ಹೋದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅಲ್ಲಲ್ಲೇ ಹರಡಿತು, ಒಬ್ಬರ ಮುಖ ಇನ್ನೊಬ್ಬರು ನೋಡದ ಹಾಗೆ. ಅಧ್ಯಕ್ಷರು ಮಾತ್ರ ನಗಲಿಲ್ಲ. ಬಾಟಲಿಯನ್ನೊಮ್ಮೆ ನೋಡಿ ಎದ್ದು ನಿಂತರು.

"ಸುಳಿ ಬುಕ್ಕಲ್ಲಿ ಗುರ್ತಿಗೆ ಇರ್ಲಿ. ಶಾಸ್ತ್ರ ಅವ್ರವ್ರ್ ಮನೇಲಿರ್ಲಿ" ಎಂದರು. ಆಮೇಲೆ, ತಮ್ಮ ಹಸು ಈ ಸಲ ಬೆದೆಗೆ ಬಂದಾಗ ಹಳೇಕೋಟೆಗೇ ಕರೆದುಕೊಂಡು ಹೋಗುತ್ತೇನೆ ಎಂದು, ಯಾರನ್ನೂ ಉದ್ದೇಶಿಸದೆ, ಬಾಗಿಲ ಕಡೆ ನೋಡುತ್ತ ಹೇಳಿದರು. ಹಳೇಕೋಟೆಯಾಕೆ ಆ ದಿನ ಬಂದಿರಲಿಲ್ಲ.

ರಾಗಿ ಒಕ್ಕಣೆ ನಡೆಯುತ್ತಿದ್ದಾಗ ಅಧ್ಯಕ್ಷರ ಫೋನ್ ಬಂತು. ನಾನು ಹಳೇಕೋಟೆ ತಲುಪುವ ಹೊತ್ತಿಗೆ ಅವರ ಹಸು ಟೆಂಪೋದಿಂದ ಇಳಿದು ಕಣದ ಪಕ್ಕ ನಿಂತಿತ್ತು. ಅವರೇ ಹಗ್ಗ ಹಿಡಿದಿದ್ದರು, ಬಿಳಿ ಷರ್ಟಿನ ಮೇಲೆಲ್ಲ ಹೊಟ್ಟು. ಕೊಟ್ಟಿಗೆಯಲ್ಲಿ ಹೋರಿ ಮೂಸಿ ಮೂಸಿ ಗುಟುರು ಹಾಕುತ್ತಿತ್ತು. ಮೈದುನ ಕಣದ ಆಚೆ ತುದಿಯಲ್ಲಿ ಮೊರ ಹಿಡಿದು ನಿಂತವನು ತೂರುವುದನ್ನು ಮರೆತಿದ್ದ.

ಅವಳು ಅವಸರ ಮಾಡಲಿಲ್ಲ. ತೊಟ್ಟಿಯ ಹತ್ತಿರ ಹೋಗಿ ಕೈಕಾಲು ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದಳು.

"ತಡೀರಿ ಸಾ. ನಮ್ ಓರಿಗ್ ತಂದಿರೋ ಅಸಿನ್ ಸುಳಿಯ ನಾವೂವೆ ಒಂದ್ ದಪ ನೋಡ್ಬೇಕಲ್ವಾ."

ಅಧ್ಯಕ್ಷರು ರಾಗಿ ರಾಶಿಯ ಕಡೆ ಮುಖ ತಿರುಗಿಸಿದರು. ಅವಳ ಅಂಗೈ ಹಸುವಿನ ಹಣೆಯಿಂದ ಕತ್ತಿಗೆ, ಕತ್ತಿನಿಂದ ಹಿಣಿಲಿಗೆ ಹೋಯಿತು. ಬರೆಯ ಮೇಲೆ ಬಂದು ನಿಂತಿತು. ಬೆರಳುಗಳು ಒಂದು ಅಂಚು ನೋಡಿದವು, ಇನ್ನೊಂದು ಅಂಚು ನೋಡಿದವು. ಅವಳಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಅವಳು ಏನು ಹೇಳಿದರೂ ಆ ದಿನ ಸಲ್ಲುತ್ತಿತ್ತು. ಆಮೇಲೆ ಕೈ ಹಾಗೇ ಬಾಲದವರೆಗೂ ಇಳಿಯಿತು.

"ಎಲ್ಲ ಸರ್ಯಾಗೈತೆ" ಎಂದಳು.

ಕೊಟ್ಟಿಗೆಗೆ ಹೋಗಿ ಗೂಟದಿಂದ ಹಗ್ಗ ಬಿಚ್ಚುತ್ತ, ಮೈದುನನ ಕಡೆ ತಿರುಗದೆಯೇ, ಅವನಿಗೆ ಕೇಳುವಷ್ಟು ಮಾತ್ರ ದನಿ ಎತ್ತಿದಳು. "ಆ ಯಾಪಾರದೋನ್ಗೆ ಒಂದ್ ಪೋನ್ ಮಾಡ್ಬುಡಪ್ಪ, ಇತ್ಲಾಗ್ ಬರ್ಬ್ಯಾಡ ಅಂತ."